ಮಗ್ಗದ ಚಕ್ಕೆ, ತವರಿನ ಬೂದಿ

ಬೆಟಗೇರಿಯ ನಮ್ಮ ಮನೆಯಲ್ಲಿ, ಮಗ್ಗದ ಮಗ್ಗುಲಿಗಿರುವ ಗೋಡೆಯ ಗೂಡಿನಲ್ಲಿ, ಕೊಬ್ಬರಿ ಎಣ್ಣೆಯ ಬಾಟಲಿ, ಹಲ್ಲು ಮುರಿದ ಬಾಚಣಿಗೆ, ಸವೆದು ಹೋದ ಹಳೆಯ ಲಾಳಿ ಇವುಗಳ ನಡುವೆ ಒಂದು ಬೇವಿನ ಚಕ್ಕೆ ಇರುತ್ತಿತ್ತು. ಅಂಗೈಯಷ್ಟು ಉದ್ದ, ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳುವು. ಯಾರಾದರೂ ಅದನ್ನು ಒಲೆಗೆ ಎತ್ತಿಟ್ಟ ಸೌದೆಯ ಚೂರೆಂದೇ ತಿಳಿಯಬೇಕು. ಆದರೆ ಅದಕ್ಕೆ ನಮ್ಮ ಮನೆಯಲ್ಲಿ ವರ್ಷಕ್ಕೆ ಎರಡು ಸಲ ಕೆಲಸವಿತ್ತು. ಮಳೆಗಾಲದಲ್ಲಿ ಅದು ಅಡುಗೆಮನೆಯ ಕಡೆಯ ಗೂಟದ ತಲೆಯ ಮೇಲೆ, ನೇಯ್ದ ಬಟ್ಟೆ ಸುತ್ತುವ ದಿಂಡಿನ ಕೆಳಗೆ ಕೂರುತ್ತಿತ್ತು. ಬೇಸಿಗೆ ಬಂತೆಂದರೆ ಎದ್ದು ಬೀದಿಯ ಕಡೆಯ ಗೂಟಕ್ಕೆ ಹೋಗಿ ಕೂರುತ್ತಿತ್ತು. ನಡುವಿನ ತಿಂಗಳುಗಳಲ್ಲಿ ಗೂಡಿನಲ್ಲಿ ವಿಶ್ರಾಂತಿ. ಸರಕಾರಿ ನೌಕರಿಯಲ್ಲಿರುವವರಿಗೂ ಇಷ್ಟು ನಿಯಮಿತವಾದ ವರ್ಗಾವಣೆ ಇರಲಿಕ್ಕಿಲ್ಲ.

ಏಕೆ ಈ ಓಡಾಟ ಎಂದು ನೀವು ಕೇಳುವಿರಿ. ನಮ್ಮ ಮನೆ ನಿಂತಿರುವುದು ಎರೆ ಮಣ್ಣಿನ ಮೇಲೆ, ಗೆಳೆಯರೇ. ಹತ್ತಿರದ ಹರ್ತಿ ಊರಿನ ಕಡೆ ಚೈತ್ರದಲ್ಲಿ ಹೋಗಿ ನೋಡಿ. ಹೊಲದ ಬಿರುಕಿನಲ್ಲಿ ಕಾಲು ಜಾರಿದರೆ ಚಪ್ಪಲಿ ಅಲ್ಲೇ ಉಳಿದು ನೀವಷ್ಟೇ ಹೊರಬರುತ್ತೀರಿ. ಅದೇ ಹೊಲಕ್ಕೆ ಹಸ್ತದ ಮಳೆ ಬಿದ್ದ ಮೇಲೆ ಹೋಗಿ. ಬಿರುಕು ಇದ್ದ ಗುರುತೇ ಇಲ್ಲ, ಮಣ್ಣು ಹಿಟ್ಟು ನಾದಿದ ಹಾಗೆ ಉಬ್ಬಿ ನಿಂತಿರುತ್ತದೆ. ನೀರು ಕುಡಿದರೆ ಹಿಗ್ಗುವುದು, ಆರಿದರೆ ಕುಗ್ಗುವುದು: ಇದಿಷ್ಟೇ ಅದರ ಸ್ವಭಾವ. ಬಿಳಿಜೋಳಕ್ಕೆ, ಕಡಲೆಗೆ, ಹತ್ತಿಗೆ ಇದು ತಾಯಿಯ ಮಡಿಲು. ಮನೆ ಕಟ್ಟುವವನಿಗೆ ಮಾತ್ರ ಸಿಟ್ಟಿನ ಮಾವ. ನಮ್ಮದು ಕುಣಿಮಗ್ಗ ಬೇರೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವ ಮಗ್ಗ. ಅದರ ಗೂಟಗಳೆಲ್ಲ ನೆಲದಲ್ಲೇ ನೆಟ್ಟವು. ಮಳೆಗಾಲದಲ್ಲಿ ಬೀದಿಯ ಕಡೆಯ ಮಣ್ಣು ಮೊದಲು ನೆಂದು ಆ ಕಡೆಯ ಗೂಟವನ್ನು ಮೇಲೆತ್ತುತ್ತದೆ, ಬೇಸಿಗೆಯಲ್ಲಿ ಮೊದಲು ಒಣಗಿ ಕೆಳಗಿಳಿಸುತ್ತದೆ. ಗೂಟ ಓರೆಯಾದರೆ ಉದ್ದಕ್ಕೆ ಕಟ್ಟಿದ ಹಾಸಿನ ಎಳೆಗಳ ಬಿಗುಪು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ನೂಲಿನಂತೆ ಸೀರೆ ಎಂದು ಗಾದೆ ಮಾಡಿದವರು ಬಹುಶಃ ಕಲ್ಲುಹರಳಿನ ಗಟ್ಟಿ ಗರಸು ನೆಲದ ಊರಿನವರು. ನಮ್ಮಲ್ಲಿ ನೆಲದಂತೆ ಸೀರೆ.

ಮಗ್ಗ ನನ್ನ ಅತ್ತೆ ನೀಲವ್ವನವರದು. ಅವರು ನೇಯುವುದು ಪಟ್ಟೇದಂಚಿನ ಸೀರೆ. ಒಡಲು ಸಾದಾ, ಹೂವಿಲ್ಲ ಬಳ್ಳಿಯಿಲ್ಲ. ಸೊಗಸೆಲ್ಲ ಅಂಚಿನ ಪಟ್ಟೆಯಲ್ಲಿ. ಅಂಥ ಸೀರೆಯಲ್ಲಿ ಅಂಚು ಒಂದು ಎಳೆ ಅಲುಗಿದರೂ ಮುಚ್ಚಿಡಲು ಜಾಗವಿಲ್ಲ. ನೀಲವ್ವನ ಅಂಚು ಎಂದರೆ ಓಣಿಯಲ್ಲಿ ಒಂದು ಮಾತೇ ಇದೆ: ಅಳತೆಪಟ್ಟಿ ಕಳೆದುಹೋದರೆ ನೀಲವ್ವನ ಸೀರೆ ತಂದು ಗೆರೆ ಹೊಡಿ ಎಂದು. ಅತ್ತೆ ಈ ಮಾತನ್ನು ಕೇಳಿಸಿಕೊಳ್ಳದವರಂತೆ ಮುಖ ಮಾಡುತ್ತಾರೆ. ಆದರೆ ಯಾರಾದರೂ ಹೇಳಲು ಮರೆತರೆ ಮಾತನ್ನು ಹೇಗೋ ಅಲ್ಲಿಗೇ ತಂದು ನಿಲ್ಲಿಸುತ್ತಾರೆ.

ಅಂಥವರ ಸೀರೆಯೊಂದು ಒಂದು ವರ್ಷ ಚಿತ್ತಿ ಮಳೆ ಮುಗಿಯುವ ಹೊತ್ತಿಗೆ ಅಂಗಡಿಯಿಂದ ತಿರುಗಿ ಬಂತು. ಆ ಸಲದ ಮಳೆ ಹಟಕ್ಕೆ ಬಿದ್ದು ಸುರಿದಿತ್ತು; ಚಕ್ಕೆ ಸಾಲದೆ ಅದರ ಮೇಲೆ ರಟ್ಟು, ರಟ್ಟಿನ ಮೇಲೆ ಬಟ್ಟೆಯ ಮಡಿಕೆ ಇಟ್ಟರೂ ದಿಂಡು ಸಮನಾಗಿರಲಿಲ್ಲ. ಸೀರೆ ಬಿಚ್ಚಿ ಹಾಸಿ ನೋಡಿದೆವು. ಸೆರಗಿನ ಹತ್ತಿರ ಅಂಚು ಹಾವು ಹರಿದ ಹಾಗೆ ಸಣ್ಣಗೆ ಬಳುಕಿತ್ತು. ಅತ್ತೆ ಸೀರೆ ಮಡಚಿ ಟ್ರಂಕಿನಲ್ಲಿಟ್ಟು, ಮಗ್ಗದ ಮೇಲೆ ಹಳೆಯ ಕೌದಿ ಹೊದಿಸಿ, ಊಟಕ್ಕೆ ಕುಳಿತಾಗ ತಮ್ಮ ಮಗನಿಗೆ ಹೇಳಿದರು.

“ಬರೂ ಯುಗಾದಿಗೆ ಕುಣಿ ಮುಚ್ಚಿಸಿಬಿಡು. ಸೊಟ್ಟ ಅಂಚಿನ ಸೀರಿ ನೇಯ್ದು ಹೆಸರು ಕೆಡಿಸಿಕೊಳ್ಳೂದಕ್ಕಿಂತ ನೇಯದ ಇರೂದು ಚಲೋ.”

ಈ ಮಾತಿನ ತೂಕ ತಿಳಿಯಬೇಕಾದರೆ ನಮ್ಮ ಮನೆತನದ ಒಂದು ನೇಮ ನಿಮಗೆ ಗೊತ್ತಿರಬೇಕು. ಒಮ್ಮೆ ಮುಚ್ಚಿದ ಕುಣಿಯನ್ನು ಮತ್ತೆ ತೋಡುವುದಿಲ್ಲ. ಹಬ್ಬದಲ್ಲಿ ಮಗ್ಗಕ್ಕೆ ಪೂಜೆ ಮಾಡುವಾಗ ಕುಣಿಯ ಅಂಚಿಗೂ ಕುಂಕುಮ ಹಚ್ಚುವ ಮನೆ ಇದು. ಮುಚ್ಚುವುದೆಂದರೆ ಮಣ್ಣು ಕೊಟ್ಟಂತೆಯೇ. ಗದುಗಿನ ಛಾಪಖಾನೆಯಲ್ಲಿ ಅಕ್ಷರಗಳ ಸಾಲು ನೆಟ್ಟಗಿದೆಯೇ ಎಂದು ದಿನವಿಡೀ ನೋಡುವ ನನ್ನ ಗಂಡ ಅಂದು ಅರ್ಧ ಊಟಕ್ಕೇ ಎದ್ದು ಹೋಗಿ ಮಗ್ಗದ ಗೂಟಗಳನ್ನು ಅಲುಗಿಸಿ ನೋಡಿದರು.

ಉಪಾಯಗಳೇನೂ ಕಡಿಮೆ ಇರಲಿಲ್ಲ. ನನ್ನ ಗಂಡ ಕುಣಿಗೆ ಸಿಮೆಂಟು ಹಾಕಿಸೋಣ ಎಂದರು. ನಮ್ಮ ಮನೆಯ ಗೋಡೆ, ಹಂಚು, ಬಚ್ಚಲು ಎಲ್ಲವನ್ನೂ ಕಂಡ ಗೌಂಡಿ ಮೌಲಾಸಾಬರು, ಎರೆಯನ್ನು ಪೂರಾ ತೆಗೆದು ಗರಸು ತುಂಬೋಣ ಎಂದರು. ಎರಡೂ ಲೋಕರೂಢಿಯ ಮಾತೇ, ತಪ್ಪಲ್ಲ. ಆದರೆ ಕುಣಿಯ ಗುಟ್ಟು ಅದರ ತಂಪಿನಲ್ಲಿದೆ. ಮಣ್ಣಿನ ಗೋಡೆ ಸಣ್ಣಗೆ ಪಸೆ ಆಡುತ್ತಿರುತ್ತದೆ, ಆ ಪಸೆಗೆ ಹತ್ತಿಯ ಎಳೆ ಮೆತ್ತಗಿರುತ್ತದೆ. ಸಿಮೆಂಟು ಬಳಿದ ಕುಣಿಯಲ್ಲಿ ಬೇಸಿಗೆಯ ಮಧ್ಯಾಹ್ನ ಎಳೆಗಳು ಪಟಪಟ ಹರಿಯುತ್ತವೆ ಎಂದು ಎರಡು ಮನೆಯಾಚೆಯವರು ಈಗಾಗಲೇ ಹಣೆ ಚಚ್ಚಿಕೊಂಡಿದ್ದರು. ಇನ್ನು ಗರಸು. ಅದು ಬರುವುದು ಎಲ್ಲಿಂದ? ಯಾವುದೋ ಗುಡ್ಡದ ಪಕ್ಕೆಯಿಂದ. ಶಿರಹಟ್ಟಿಗೋ ಮುಂಡರಗಿಗೋ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಕಪ್ಪತಗುಡ್ಡ ಕಾಣತೊಡಗಿದೊಡನೆ ಕೈಮುಗಿಯುವ ಜನ ನಾವು. ಮುಗಿದ ಅದೇ ಕೈಯಲ್ಲಿ ಗುಡ್ಡಗಳಿಗೆ ಗುದ್ದಲಿ ಹಾಕಿ, ಅಲ್ಲಿ ಕುಣಿ ಮಾಡಿ ಇಲ್ಲಿಯ ಕುಣಿ ನೆಟ್ಟಗೆ ಮಾಡುವುದು ನನಗಂತೂ ಸರಿಬರಲಿಲ್ಲ.

ಈಗ ನನ್ನ ಪರಿಚಯ ಹೇಳಬೇಕು. ಇಷ್ಟು ಹೊತ್ತು ತಡೆದುಕೊಂಡದ್ದೇ ಹೆಚ್ಚು. ನಾನು ಗದುಗಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಮಣ್ಣಿನ ಪಾಠ ಹೇಳುವವಳು. ಮಣ್ಣಿನಲ್ಲಿ ಏನು ಪಾಠ ಎಂದು ನಗಬೇಡಿ. ಊರೆಂಬ ಊರೆಲ್ಲ ಅದರ ಮೇಲೇ ನಿಂತಿದೆ. ದುರ್ಬಲ ಮಣ್ಣನ್ನು ಎತ್ತಿ ಎಸೆಯದೆ, ಗುಡ್ಡ ಕಡಿಯದೆ, ಭಟ್ಟಿ ಉರಿಸಿ ಮಾಡುವ ಸಿಮೆಂಟನ್ನು ಆದಷ್ಟು ದೂರವಿಟ್ಟು, ಊರಿನವರು ಬೇಡವೆಂದು ಚೆಲ್ಲುವ ವಸ್ತುಗಳಿಂದಲೇ ಗಟ್ಟಿ ಮಾಡುವುದು ಹೇಗೆ ಎಂಬುದು ನಾನು ಬಹಳ ಕಾಲದಿಂದ ಹಿಂದೆ ಬಿದ್ದಿರುವ ವಿಷಯ. ಹೊಟ್ಟಿನ ಬೂದಿ, ನಾರು, ಇಟ್ಟಿಗೆಯ ಪುಡಿ, ಅರಳಿದ ಸುಣ್ಣ: ನನ್ನ ಪ್ರಯೋಗಾಲಯ ನೋಡಿದವರು ಇದೇನು ಗುಜರಿ ಅಂಗಡಿಯೇ ಎಂದಿದ್ದಾರೆ. ಎರೆಗೆ ಸುಣ್ಣ ಬೆರೆಸಿದರೆ ಅದರ ನೀರಿನ ದಾಹ ತಗ್ಗುತ್ತದೆ. ಬೂದಿ ಸುಣ್ಣದೊಡನೆ ಕೂಡಿ ನಿಧಾನಕ್ಕೆ ಕಲ್ಲಾಗುತ್ತದೆ. ನಡುನಡುವೆ ಎಳೆ ಇದ್ದರೆ ಬಿರುಕು ಬಾಯಿ ತೆರೆಯಲು ಹೋದಾಗ ಹಿಡಿದು ನಿಲ್ಲಿಸುತ್ತದೆ. ನೋಡಿ, ಹಾಸು ಹೊಕ್ಕು ಬಟ್ಟೆಗೆ ಮಾತ್ರ ಸೇರಿದ್ದಲ್ಲ. ಇಷ್ಟೆಲ್ಲ ಹೊರಗಿನವರಿಗೆ ಹೇಳುವವಳು ಮನೆಯ ಕುಣಿಯ ಮುಂದೆ ಬಾಯಿ ಮುಚ್ಚಿಕೊಂಡು ಕೂರಲೇ? ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತು ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಮುಂದಿನ ಹಸ್ತದ ಮಳೆಯವರೆಗೆ ಕುಣಿ ಮುಚ್ಚಬೇಡಿ ಎಂದು ಅತ್ತೆಯನ್ನು ಕೇಳಿಕೊಂಡೆ. ಅವರು, ಒಂದು ಮಳೆಗಾಲವಷ್ಟೇ, ಆ ಮೇಲೆ ಮಾತಿಲ್ಲ ಎಂದರು. ನಾನು ಒಪ್ಪಿದೆ.

ಬೂದಿಗೆ ನನಗೆ ಊರೂರು ಅಲೆಯಬೇಕಾಗಿರಲಿಲ್ಲ. ನನ್ನ ತವರು ಲಕ್ಷ್ಮೇಶ್ವರ; ನಮ್ಮದು ಮಂಡಕ್ಕಿ ಹುರಿಯುವ ಚುರುಮುರಿ ಭಟ್ಟಿಯ ಮನೆ. ಸಂಜೆಯ ಗಿರ್ಮಿಟ್‌ನಲ್ಲಿ ಗರಿಗರಿ ಚುರುಮುರಿ ತಿನ್ನುವವರು ಅದನ್ನು ಹುರಿದ ಉರಿಯನ್ನು ನೆನೆಯುವುದಿಲ್ಲ. ಆ ಉರಿ ಭತ್ತದ ಹೊಟ್ಟಿನದು. ನನ್ನ ಬಾಲ್ಯವೆಲ್ಲ ಹಿತ್ತಲಿನ ಬೂದಿಯ ದಿಬ್ಬದ ಬಳಿ ಕಳೆದದ್ದು. ಅವ್ವ ಪಾತ್ರೆ ಉಜ್ಜಲು ಬೊಗಸೆಯಷ್ಟು ತರುತ್ತಿದ್ದಳು, ಉಳಿದದ್ದು ಗಾಳಿ ಎದ್ದಾಗ ಓಣಿಯವರ ಕಣ್ಣಿಗೆ, ಒಣಹಾಕಿದ ಬಟ್ಟೆಗೆ, ಅಲ್ಲಿಂದ ನಮ್ಮ ಮನೆಯ ಬಾಗಿಲಿಗೆ ಜಗಳವಾಗಿ ಬರುತ್ತಿತ್ತು. ಆ ಬೂದಿಯಲ್ಲಿ ಕಪ್ಪಾಗಿದ್ದದ್ದು ಬಿಟ್ಟು, ಚೆನ್ನಾಗಿ ಉರಿದು ಬೂದುಬಿಳಿಯಾದದ್ದನ್ನಷ್ಟೇ ಆರಿಸಿ ಚೀಲ ತುಂಬಿಸಿದೆ. ಅವ್ವನಿಗೆ ಸಂಕಟ. ಮಗಳು ತವರಿನಿಂದ ಗಂಡನ ಮನೆಗೆ ಹೊರಟಾಗ ಉಡಿಯಲ್ಲಿ ಅಕ್ಕಿ, ಕೊಬ್ಬರಿಬಟ್ಟಲು, ಎಲೆ ಅಡಿಕೆ ಇರಬೇಕೇ ಹೊರತು, ಬೂದಿಯನ್ನು ಯಾರಾದರೂ ಕಳಿಸುತ್ತಾರೆಯೇ? ಆಕೆ ಒಂದು ದಾರಿ ಕಂಡುಕೊಂಡಳು. ಮೊದಲು ಒಳಗೆ ಕೂರಿಸಿ ವಾಡಿಕೆಯಂತೆ ಉಡಿ ತುಂಬಿದಳು. ನಾನು ಹೊಸ್ತಿಲು ದಾಟಿ, ನನ್ನ ಉಡಿಯ ಅಕ್ಕಿ ಟೆಂಪೋ ಹತ್ತಿದ ಮೇಲೆಯೇ ಬೂದಿಯ ಚೀಲ ಹತ್ತಬೇಕೆಂದಳು. ಹಾಗೆ ಅಕ್ಕಿ ಮುಂದೆ, ಬೂದಿ ಹಿಂದೆ, ನಡುವೆ ನಾನು. ಸೋಮೇಶ್ವರನ ಗುಡಿಯ ಕಡೆ ಕೈಮುಗಿದು ಬೆಟಗೇರಿಗೆ ಬಂದೆವು.

ಬಾಗಿಲಲ್ಲಿ ಪಕ್ಕದ ಮನೆಯ ಗಂಗವ್ವ ನಿಂತಿದ್ದರು. ಓಣಿಯ ಶಾಸ್ತ್ರವೆಲ್ಲ ಅವರ ನಾಲಗೆಯ ಮೇಲಿದೆ. ಚೀಲದ ಬಾಯಿ ಬಿಚ್ಚಿ ನೋಡಿ, ಮೂಗಿನ ಮೇಲೆ ಬೆರಳಿಟ್ಟು, ಸೊಸೆಯಾದವಳು ತವರಿನಿಂದ ಬೂದಿ ಹೊತ್ತು ಗಂಡನ ಮನೆಯ ಹೊಸ್ತಿಲು ದಾಟುವುದನ್ನು ತಾವು ಹುಟ್ಟಿದಾರಭ್ಯ ಕಂಡಿಲ್ಲ, ಕೇಳಿಲ್ಲ ಎಂದರು. ಅತ್ತೆಯ ಮನಸ್ಸಿನಲ್ಲೂ ಅದೇ ಅಳುಕು ಇದ್ದೀತೆಂಬ ಭಯ ನನಗೆ ಮೊದಲಿನಿಂದಲೂ ಇತ್ತು. ಅತ್ತೆ ಗಂಗವ್ವನ ಹಣೆಯ ಮೇಲಿನ ವಿಭೂತಿಯನ್ನೇ ದಿಟ್ಟಿಸಿ ನೋಡಿದರು.

“ನಿನ್ನ ಹಣ್ಯಾಗ ಇರೂದು ಏನ ಗಂಗವ್ವ, ಜ್ವಾಳದ ಹಿಟ್ಟೇನು? ಸರಿ ಅತ್ಲಾಗ, ಬೂದಿ ಒಳಗ ಬರ್ಲಿ. ತಂದಾಕಿ ನಮ್ಮ ಸೊಸಿ.”

ನಮ್ಮ ಸೊಸಿ ಎಂಬ ಆ ಮಾತು ಮದುವೆಯ ದಿನ ಕೇಳಿದ್ದಕ್ಕಿಂತ ಅಂದು ನನಗೆ ಹೆಚ್ಚು ರುಚಿಸಿತು. ಗಂಗವ್ವ ನಕ್ಕು, ಹಾಗಿದ್ದರೆ ನನ್ನದೂ ಒಂದು ಕೈ ಎಂದು ಚೀಲದ ಒಂದು ತುದಿ ಹಿಡಿದರು.

ಎಳೆಯ ಚಿಂತೆಯೂ ಇರಲಿಲ್ಲ ಎಂದುಕೊಂಡಿದ್ದೆವು. ನೇಕಾರರ ಮನೆಯಲ್ಲಿ ನೂಲಿನ ತುಂಡಿಗೆ ಬರವೇ? ಮಗ್ಗದಿಂದ ಸೀರೆ ಇಳಿಸಿದಾಗಲೆಲ್ಲ ಹಾಸಿನ ತುದಿಯಲ್ಲಿ ಗೇಣುಗೇಣು ಎಳೆ ಉಳಿಯುತ್ತದೆ; ಅತ್ತೆ ಅದನ್ನು ಕಾಲಿಗೆ ತಾಗದಂತೆ ಎತ್ತಿ ಚೀಲಕ್ಕೆ ತುಂಬಿಡುವವರು. ಆ ಚೀಲವನ್ನೇ ತೆಗೆದು, ಎಳೆಗಳನ್ನು ಬೆರಳುದ್ದ ಕತ್ತರಿಸಿ, ಮೊದಲು ಹಿತ್ತಲಲ್ಲಿ ಒಂದು ಚೌಕ ನೆಲ ಮಾಡಿ ನೋಡಿದೆವು. ಅದರಲ್ಲಿ ಸುಣ್ಣ ಕೈಬಿಟ್ಟು ಬೂದಿ ಎಳೆಗಳಷ್ಟರಿಂದಲೇ ಆದೀತೇ ಎಂಬುದು ನನ್ನ ಆಸೆ. ವಾರ ಕಳೆಯುವುದರೊಳಗೆ ಆ ಚೌಕಕ್ಕೆ ನಾಲ್ಕೂ ದಿಕ್ಕಿನಿಂದ ಇರುವೆಯ ಸಾಲು. ಸಾಲೆಂದರೆ ಎಂಥ ಸಾಲು! ಗಂಗವ್ವನ ಹಿತ್ತಲಿನಿಂದಲೂ ಬೀಗರು ಬರುತ್ತಿದ್ದರು. ನಾನು ಮಂಡಿಯೂರಿ ಮಣ್ಣು ಕೆದರಿ ಮೂಸುತ್ತಿದ್ದರೆ ಅತ್ತೆ ಹಿಂದಿನಿಂದ ನಿಧಾನಕ್ಕೆ ಕೇಳಿದರು.

“ಶೈಲಾ, ನೀ ನೆಲ ಗಟ್ಟಿ ಮಾಡೀಯೋ, ಇರವಿಗೆ ಅಡಗಿ ಮಾಡೀಯೋ?”

ಅಡುಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಗಂಜಿ! ಹಾಸಿನ ಎಳೆಗೆ ನೇಯುವ ಮೊದಲು ಗಂಜಿ ಕುಡಿಸುತ್ತೇವಲ್ಲ. ಎಳೆಯೆಂದರೆ ಗಂಜಿ ಸೇರಿಯೇ ಎಳೆ ಎಂದು ಎಷ್ಟು ರೂಢಿಯಾಗಿತ್ತೆಂದರೆ, ಜೀವಮಾನವಿಡೀ ಗಂಜಿ ಕಾಸಿದ ಅವರಿಗೂ ಹೊಳೆದಿರಲಿಲ್ಲ, ಕಾಲೇಜಿನಲ್ಲಿ ಅಂಗಡಿಯ ಸಾದಾ ನೂಲಿನಿಂದ ಪ್ರಯೋಗ ಮಾಡಿದ ನನಗೂ ಹೊಳೆದಿರಲಿಲ್ಲ. ನೇಕಾರರ ಮನೆಯವರಲ್ಲದೆ ಬೇರೆ ಯಾರೂ ಈ ತಪ್ಪು ಮಾಡಲಾರರು ಎಂದು ಅತ್ತೆ ಅದಕ್ಕೂ ಹೆಮ್ಮೆಪಟ್ಟರು. ಮರುದಿನವೇ ಹಂಡೆಯಲ್ಲಿ ನೀರು ಕುದಿಸಿ ಎಳೆಗಳನ್ನು ಬೇಯಿಸಿ, ತೊಳೆದು, ಹಿಂಡಿ, ಹಗ್ಗದ ಮೇಲೆ ಹರವಿದೆವು. ದಾರಿಯಲ್ಲಿ ಹೋಗುವವರು, ಏನ್ರೀ ನೀಲವ್ವ, ಶಾವಿಗೆ ಇಷ್ಟು ಬೇಗ ಹಾಕೀರಿ ಎಂದು ಕೇಳಿಕೊಂಡು ಹೋದರು. ಸುಣ್ಣವನ್ನು ಬಿಡುವ ಆಸೆಯನ್ನೂ ಅಲ್ಲಿಗೇ ಬಿಟ್ಟೆ. ಸುಣ್ಣ ಸೇರಿಸಿದ ಎರಡನೆಯ ಚೌಕದ ಕಡೆ ಒಂದು ಇರುವೆಯೂ ತಿರುಗಿ ನೋಡಲಿಲ್ಲ.

ಬೇಸಿಗೆಯ ಮೊದಲಲ್ಲಿ ಕೆಲಸ ಹಿಡಿದೆವು. ಮಗ್ಗ ಬಿಚ್ಚಿ ಗೋಡೆಗೆ ಆನಿಸಿ, ಕುಣಿಯ ಸುತ್ತ ಮಂಡಿಯಾಳಕ್ಕೂ ಕೆಳಗೆ ಎರೆಯನ್ನು ತೋಡಿ ತೆಗೆದು, ಹೆಂಟೆ ಒಡೆದು ಜರಡಿ ಹಿಡಿದು, ಅದೇ ಮಣ್ಣಿಗೆ ಸುಣ್ಣ, ಬೂದಿ, ಎಳೆ ಬೆರೆಸಿ, ನೀರು ಚಿಮುಕಿಸಿ ಪದರಪದರವಾಗಿ ತುಂಬಿ ಗಟ್ಟಿಯಾಗುವಂತೆ ದಮ್ಮಸಿನಿಂದ ಬಡಿಯುವುದು. ಮೌಲಾಸಾಬರು ಮೊದಲು ಅರೆಮನಸ್ಸಿನಿಂದಲೇ ಬಂದರು. ತೆಗೆದ ಮಣ್ಣನ್ನೇ ತಿರುಗಿ ತುಂಬುವ ಕೆಲಸ ತಾವು ಎಲ್ಲೂ ಮಾಡಿಲ್ಲ ಎಂದರು. ಆದರೆ ನಾನು ನೀರಿನ ಹದ ತೋರಿಸಲು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿ ಮುರಿದಾಗ, ಅವರೂ ಒಂದು ಉಂಡೆ ಕಟ್ಟಿ ಮುರಿದು ನೋಡಿ, ಇದು ಇನ್ನು ಕಾಲಿಗೆ ಮೆತ್ತುವ ಎರೆಯಲ್ಲ, ಇದರ ಜಾತಿಯೇ ಬೇರೆ ಎಂದು ದಮ್ಮಸು ಕೈಗೆ ತೆಗೆದುಕೊಂಡರು. ಆ ಮೇಲೆ ಅವರನ್ನು ಊಟಕ್ಕೆ ಎಬ್ಬಿಸುವುದೇ ಕಷ್ಟವಾಯಿತು. ತುಂಬಿದ ನೆಲವನ್ನು ಗೋಣಿತಟ್ಟಿನಿಂದ ಮುಚ್ಚಿ, ಹಸುಗೂಸಿನ ಹಾಗೆ ದಿನವೂ ನೀರು ಹನಿಸಿ, ಯುಗಾದಿ ದಾಟುವವರೆಗೂ ಮಲಗಿಸಿಟ್ಟೆವು. ಕುಣಿ ಮುಚ್ಚಬೇಕಾಗಿದ್ದ ಹಬ್ಬದ ದಿನ ಅತ್ತೆ ಆ ಒದ್ದೆ ಗೋಣಿತಟ್ಟಿನ ಮೇಲೆಯೇ ಬೇವು ಬೆಲ್ಲ ಇಟ್ಟು ಪೂಜೆ ಮಾಡಿದರು.

ಆ ದಿನಗಳಲ್ಲಿ ನನಗೆ ಒಂದು ಯೋಚನೆ ಮತ್ತೆ ಮತ್ತೆ ಬರುತ್ತಿತ್ತು. ಗಟ್ಟಿತನವೆಂದರೆ ಅಲುಗದೆ ಬಿರುಸಾಗಿ ನಿಲ್ಲುವುದು ಎಂದು ನಾವು ತಿಳಿದುಕೊಂಡಿದ್ದೇವೆ. ಅದಕ್ಕೇ ಮಣ್ಣು ಕಂಡಲ್ಲೆಲ್ಲ ಸಿಮೆಂಟು ಸುರಿಯುತ್ತೇವೆ. ಆದರೆ ಉರಿದು ಮುಗಿದ ಹೊಟ್ಟು, ಸೀರೆಯಾಗದೆ ಉಳಿದ ಎಳೆ, ಮನೆ ಕಟ್ಟಲು ಬಾರದೆಂದು ಬೈಸಿಕೊಂಡ ಎರೆ, ಒಂದೊಂದೂ ತಾನಾಗಿ ನಿಲ್ಲಲಾರದ ಇವು ಒಂದನ್ನೊಂದು ಹಿಡಿದುಕೊಂಡರೆ ನಿಲ್ಲುತ್ತವೆ. ಹತ್ತಿಯ ಎಳೆ ಮಣ್ಣಿನಲ್ಲಿ ಎಷ್ಟು ಕಾಲ ಬಾಳೀತು ಎಂದು ಕೇಳುವ ಜಾಣರಿದ್ದಾರೆ. ನನ್ನ ವಿದ್ಯಾರ್ಥಿಗಳೇ ಕೇಳುತ್ತಾರೆ. ಅದು ಎಂದಾದರೊಂದು ದಿನ ಕರಗುತ್ತದೆ, ನಿಜ. ಆದರೆ ಮೊದಲ ಮಳೆ ಮೊದಲ ಬಿಸಿಲುಗಳಲ್ಲಿ ಬಿರುಕು ಬಿಡದಂತೆ ಹಿಡಿದಿದ್ದು, ಸುಣ್ಣ ಬೂದಿಗಳು ಕಲ್ಲಾಗುವವರೆಗೆ ಕಾದು, ಆ ಮೇಲೆ ಸರಿದುಹೋದರೆ ಅದರ ಕೆಲಸ ಅಲ್ಲಿಗೆ ಮುಗಿಯಿತು. ಮನೆಗಳಲ್ಲೂ ಹೀಗೆ ಹಿಡಿದು ನಿಲ್ಲಿಸಿ ಸರಿದುಹೋದ ಹಿರಿಯರು ಎಷ್ಟು ಜನರಿಲ್ಲ.

ಮೃಗಶಿರಾ ಬಂತು, ಆರಿದ್ರ ಬಂತು. ಮಗ್ಗವನ್ನು ಮತ್ತೆ ಕೂರಿಸಿ ಅತ್ತೆ ಹೊಸ ಹಾಸು ಹೂಡಿದರು. ಚಕ್ಕೆಯನ್ನು ಗೂಡಿನಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೇ ನೇಯುತ್ತಿದ್ದರು. ನನ್ನ ಮೇಲಿನ ನಂಬಿಕೆ ಒಂದು ಕಡೆ, ಎರೆಯ ಮೇಲಿನ ಅನುಮಾನ ಒಂದು ಕಡೆ. ಹುಬ್ಬೆ ಉತ್ತರೆಗಳು ಬಂದವು. ಬಾಗಿಲ ಹೊರಗೆ ಎರೆ ಉಬ್ಬಿ ಕಟ್ಟೆಯ ಕಲ್ಲು ಎದ್ದಿತು, ಗಂಗವ್ವನ ಮನೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡು ಒದ್ದು ತೆಗೆಯುವಂತಾಯಿತು. ನಾನು ಕಾಲೇಜಿನಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು ಗೂಟದ ತಲೆ ನೋಡುತ್ತಿದ್ದೆ. ಪಾಠದಲ್ಲಿ ಎಷ್ಟೋ ಸಲ ಇದು ಆಗುತ್ತದೆ ಎಂದು ಹೇಳಿದವಳಿಗೆ, ಮನೆಯಲ್ಲಿ ಆಗುತ್ತದೆಯೋ ಇಲ್ಲವೋ ಎಂದು ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಹಸ್ತದ ಮಳೆ ಹಗಲೂ ಇರುಳೂ ಹೊಡೆದು ನಿಂತ ಮರುದಿನ ಅತ್ತೆ ಸೀರೆ ಇಳಿಸಿದರು. ನೆಲದ ಮೇಲೆ ಉದ್ದಕ್ಕೂ ಹಾಸಿ, ಒಂದು ತುದಿಯಲ್ಲಿ ತಾವು ಕುಳಿತು, ಇನ್ನೊಂದು ತುದಿಯಲ್ಲಿ ನನ್ನನ್ನು ಕೂರಿಸಿ, ಅಂಚಿನ ಗುಂಟ ಒಂದು ನೂಲು ಎಳೆದು ಹಿಡಿದರು. ನೂಲೂ ಅಂಚೂ ಸೆರಗಿನವರೆಗೆ ಒಂದೇ ಗೆರೆ. ಹೆಮ್ಮೆಯಾಯಿತು, ಗೆಳೆಯರೇ, ಬಚ್ಚಿಡುವುದೇಕೆ? ಜಂಬ ಎಂದರೆ ಜಂಬವೇ ಎನ್ನಿ. ಅವರ ಅಂಚಿಗಾಗಿ ಹೆಮ್ಮೆ, ನನ್ನ ವಿದ್ಯೆಗಾಗಿ ಹೆಮ್ಮೆ, ಅವ್ವನ ಹಿತ್ತಲಲ್ಲಿ ಹಾರಿಹೋಗುತ್ತಿದ್ದ ಬೂದಿಗಾಗಿ ಎಲ್ಲಕ್ಕಿಂತ ಹೆಚ್ಚಿನ ಹೆಮ್ಮೆ.

ಅಂದು ಶುಕ್ರವಾರ. ಅತ್ತೆ ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಅಕ್ಕಿ ಹಾಕಿದರು, ಕೊಬ್ಬರಿಬಟ್ಟಲು ಇಟ್ಟರು, ಆ ಸೀರೆಯನ್ನೇ ಮಡಚಿ ಇಟ್ಟರು. ಕೊನೆಗೆ ಸೊಂಟದಿಂದ ಚಕ್ಕೆಯನ್ನು ತೆಗೆದು, ಅರಿಸಿನ ಕುಂಕುಮ ಹಚ್ಚಿ, ಸೀರೆಯ ಮೇಲಿಟ್ಟರು.

“ನನ್ನ ಮನ್ಯಾಗ ಇದರ ಕೆಲಸ ಮುಗೀತವಾ. ಎಲ್ಲಿ ನೆಲ ಸೊಟ್ಟ ಐತೋ ಅಲ್ಲಿಗೆ ಒಯ್ಯಿ.”

ಸೊಟ್ಟ ನೆಲ ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. ನಮ್ಮ ಕಾಲೇಜಿನ ಮಣ್ಣಿನ ಪ್ರಯೋಗಾಲಯವಿದೆಯಲ್ಲ, ಅದೂ ಎರೆಯ ಮೇಲೆಯೇ ಕುಳಿತಿದೆ. ತಕ್ಕಡಿ ಇಡುವ ಮೇಜಿನ ಒಂದು ಕಾಲು ಮಳೆಗಾಲಕ್ಕೊಮ್ಮೆ ಅಂತರದಲ್ಲಿ ನಿಲ್ಲುತ್ತದೆ. ಅಲ್ಲಿ, ಕುಂಕುಮದ ಗುರುತಿನ ಸಮೇತ, ನನ್ನ ಉಡಿಯ ಚಕ್ಕೆ ಕುಳಿತಿತು. ಹೊಸದಾಗಿ ಬಂದ ಹುಡುಗಿಯರು ಇದೇನು ಮೇಡಂ ಎಂದು ಕೇಳಿದಾಗಲೆಲ್ಲ ಮೊದಲ ಪಾಠವನ್ನು ಅಲ್ಲಿಂದಲೇ ಶುರು ಮಾಡುತ್ತೇನೆ. ಈ ಬೇಸಿಗೆಯಲ್ಲಿ ಆ ನೆಲವನ್ನೂ ಅಗೆದು ಸರಿಮಾಡಲು ಅನುಮತಿ ಸಿಕ್ಕಿದೆ. ಸುದ್ದಿ ಹೇಳಲು ನಿನ್ನೆ ಮನೆಗೆ ಓಡಿಬಂದರೆ, ನನ್ನಿಂದ ಮೊದಲು ಕೇಳಿದ ನನ್ನ ಗಂಡ ಫೋನಿನಲ್ಲಿ ಅತ್ತೆಗೆ ಆಗಲೇ ಹೇಳಿಬಿಟ್ಟಿದ್ದರು. ಅಂಗಳದ ಹಗ್ಗದ ತುಂಬ, ಆ ನೆಲಕ್ಕೆಂದು ಅತ್ತೆ ಬೇಯಿಸಿ ಹರವಿದ ಹಾಸಿನ ಎಳೆಗಳು ಗಂಜಿ ಕಳೆದುಕೊಂಡು ಬೆಳ್ಳಗೆ ತೂಗಾಡುತ್ತಿದ್ದವು, ಒಳಗಿನಿಂದ ಲಾಳಿಯ ಸದ್ದು ಒಂದೇ ಸಮನೆ ಕೇಳಿಬರುತ್ತಿತ್ತು.